ಓದಿದ ಗ್ರಂಥಗಳ ಲೆಕ್ಕವಿಟ್ಟ ಗುರು: ಫೋಟಿಯಸ್

ನಮ್ಮ ಗಡಿನಾಡಿನ ಮನೆಗಳಲ್ಲಿ ಲೆಕ್ಕವಿಡುವ ಅಭ್ಯಾಸಕ್ಕೆ ಎಂದೂ ಕೊರತೆಯಿರಲಿಲ್ಲ. ಹಿರಿಯರ ಕಾಲದ ಕೀರ್ದಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಧೂಳು ಕೊಡವಿ ನೋಡಿದರೆ, ಮಾರಿದ ಅಡಿಕೆಯ ತೂಕ, ಅಳೆದ ಅಕ್ಕಿಯ ಮುಡಿ, ಮದುವೆಗೆ ಬಂದ ಉಡುಗೊರೆ, ಕೊಟ್ಟ ಸಾಲ, ಬಂದ ಬಡ್ಡಿ ಎಲ್ಲವೂ ತಾರೀಕಿನೊಡನೆ ದೊರೆಯುತ್ತವೆ. ಆದರೆ ಆ ಮನೆಯವರು ಯಾವ ಯಾವ ಗ್ರಂಥಗಳನ್ನು ಓದಿದರು, ಓದಿ ಏನನ್ನು ಮೆಚ್ಚಿದರು, ಏನನ್ನು ಒಪ್ಪದೆ ಹೋದರು ಎಂಬುದಕ್ಕೆ ಒಂದು ಸಾಲಿನ ಆಧಾರವೂ ಸಿಗುವುದು ಅಪರೂಪ. ಹಣದ ಲೆಕ್ಕ ಉಳಿಯಿತು; ಓದಿನ ಲೆಕ್ಕ ಅಳಿಯಿತು.

ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ, ಓದಿನ ಲೆಕ್ಕವನ್ನಿಟ್ಟು ಲೋಕಕ್ಕೆ ಮಹದುಪಕಾರ ಮಾಡಿದ ಒಬ್ಬ ಗುರುವಿನ ಜೀವನವನ್ನು ವಾಚಕ ಬಂಧುಗಳ ಮುಂದಿಡಬಯಸುತ್ತೇವೆ. ಆತನು ಕನ್ನಡಿಗನಲ್ಲ, ಭಾರತೀಯನೂ ಅಲ್ಲ, ಕ್ರಿ. ಶ. ಒಂಬತ್ತನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ಬಾಳಿದ ಗ್ರೀಕ್ ಭಾಷೆಯ ಪಂಡಿತನು. ಹೆಸರು ಫೋಟಿಯಸ್. ಇಷ್ಟು ದೂರದವನ ಕಥೆ ನಮಗೇಕೆಂದು ಕೇಳುವವರು ಕಡೆಯವರೆಗೆ ತಾಳ್ಮೆಯಿಂದ ಓದಿದರೆ, ಆ ಕಥೆಯು ನಮ್ಮ ಅಂಗಳದವರೆಗೂ ಬಂದು ನಿಲ್ಲುವುದನ್ನು ತಾವೇ ಕಾಣುವರು.

ಇಂದು ಇಸ್ತಾಂಬುಲ್ ಎಂದು ಕರೆಯಲ್ಪಡುವ ಆ ನಗರವು ಅಂದು ಪೂರ್ವ ರೋಮನ್ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಪಶ್ಚಿಮದಲ್ಲಿ ರೋಮ್ ನಗರದ ಪ್ರಭುತ್ವವು ಕುಸಿದು ನಾಲ್ಕು ಶತಮಾನಗಳು ಸಂದಿದ್ದರೂ ಇಲ್ಲಿ ಚಕ್ರವರ್ತಿಗಳ ಆಳ್ವಿಕೆ ಮುಂದುವರಿದಿತ್ತು. ಗ್ರೀಕರ ಪ್ರಾಚೀನ ವಿದ್ಯೆಯೂ ಅಷ್ಟಿಷ್ಟು ಉಳಿದಿತ್ತು. ಫೋಟಿಯಸನು 810 ಮತ್ತು 820ರ ನಡುವೆ ಈ ನಗರದ ಒಂದು ಗಣ್ಯ ಕುಟುಂಬದಲ್ಲಿ ಹುಟ್ಟಿದನು. ತಂದೆ ಸೆರ್ಗಿಯಸ್, ತಾಯಿ ಐರೀನ್. ನಗರದ ಧರ್ಮಪೀಠವನ್ನು 784ರಿಂದ 806ರವರೆಗೆ ಅಲಂಕರಿಸಿದ್ದ ತರಾಸಿಯಸ್ ಎಂಬ ಹಿರಿಯನು ಇದೇ ಮನೆತನದವನು.

ಬಾಲ್ಯವು ಸುಖವಾಗಿ ಕಳೆಯಲಿಲ್ಲ. ಪೂಜ್ಯರ ಚಿತ್ರಗಳನ್ನು ಆರಾಧಿಸುವುದು ತಪ್ಪೆಂದು ಅಂದಿನ ಚಕ್ರವರ್ತಿಗಳು ವಿಧಿಸಿ, ಒಪ್ಪದವರನ್ನು ಹಿಂಸಿಸುತ್ತಿದ್ದ ಕಾಲವದು. ಸೆರ್ಗಿಯಸನು ತನ್ನ ನಂಬಿಕೆಯನ್ನು ಬಿಡಲೊಲ್ಲದೆ ಆಸ್ತಿಯನ್ನು ಕಳೆದುಕೊಂಡನು; ದೇಶಭ್ರಷ್ಟನಾದನು. ತಂದೆತಾಯಿಗಳಿಬ್ಬರೂ ಆ ಸ್ಥಿತಿಯಲ್ಲಿಯೇ ತೀರಿಕೊಂಡರು. 843ರಲ್ಲಿ ಥಿಯೋಡೋರಾ ರಾಣಿಯು ಚಿತ್ರಾರಾಧನೆಯನ್ನು ಮತ್ತೆ ಅಂಗೀಕರಿಸಿದ ಮೇಲೆ ಆ ಕುಟುಂಬದ ಕಷ್ಟ ಕೊನೆಗಂಡಿತು. ಮನೆ ಮುರಿದುಬಿದ್ದ ದಿನಗಳಲ್ಲಿ ಆ ಬಾಲಕನಿಗೆ ಪುಸ್ತಕಗಳೇ ನೆರವಾದವೆಂದು ನಾವು ಊಹಿಸಿದರೆ ತಪ್ಪಾಗಲಾರದು. ವ್ಯಾಕರಣ, ತರ್ಕ, ಗಣಿತ, ವೈದ್ಯ, ಇತಿಹಾಸ, ಧರ್ಮಶಾಸ್ತ್ರ ಇವೆಲ್ಲವನ್ನೂ ಆತನು ತನ್ನದಾಗಿಸಿಕೊಂಡನು. ರಾತ್ರಿಯೆಲ್ಲ ನಿದ್ದೆಗೆಟ್ಟು ಓದುತ್ತಿದ್ದನೆಂಬುದನ್ನು ಆತನ ಕಡು ವೈರಿಯೂ ಅಲ್ಲಗಳೆದಿಲ್ಲ.

ವಿದ್ಯೆಯ ಬಲದಿಂದ ಆತನು ಅರಮನೆಯ ಲೇಖನ ಕಾರ್ಯಾಲಯದ ಮುಖ್ಯಸ್ಥನಾದನು. ಚಕ್ರವರ್ತಿಯ ಆಜ್ಞಾಪತ್ರಗಳು ಆತನ ಕೈಯಿಂದಲೇ ಹೊರಡುತ್ತಿದ್ದವು. ಹಗಲೆಲ್ಲ ರಾಜಕಾರ್ಯ, ಅದು ಮುಗಿದೊಡನೆ ಆತನ ಮನೆಯೇ ಪಾಠಶಾಲೆ. ಅಲ್ಲಿ ಸಂಬಳವಿಲ್ಲ, ಹಾಜರಿಯಿಲ್ಲ. ಕೆಲವರು ಗಣಿತವನ್ನು, ಕೆಲವರು ತರ್ಕವನ್ನು, ಮತ್ತೆ ಕೆಲವರು ಶಾಸ್ತ್ರಗ್ರಂಥಗಳನ್ನು ಅಭ್ಯಸಿಸುತ್ತ, ಒಬ್ಬರು ಓದಿದ್ದನ್ನು ಉಳಿದವರು ಕೇಳಿ ಚರ್ಚಿಸುತ್ತ ಕಾಲ ಕಳೆಯುತ್ತಿದ್ದರು. ಅರಮನೆಗೆ ಹೊರಟಾಗ ಶಿಷ್ಯರು ಬಾಗಿಲವರೆಗೆ ಬಂದು ಬೇಗ ಹಿಂದಿರುಗಬೇಕೆಂದು ಬೇಡುತ್ತಿದ್ದರೆಂದೂ, ಮರಳಿದಾಗ ಬಾಗಿಲಲ್ಲಿಯೇ ಕಾದಿರುತ್ತಿದ್ದರೆಂದೂ ಆತನು ಮುಂದೆ ರೋಮಿನ ಧರ್ಮಗುರುವಿಗೆ ಬರೆದ ಪತ್ರವೊಂದರಲ್ಲಿ ನೆನೆದುಕೊಂಡಿದ್ದಾನೆ. ಉನ್ನತ ಪದವಿಯಲ್ಲಿದ್ದು ಬರೆದ ಪತ್ರದಲ್ಲಿ ಆತನು ಮರುಗಿದುದು ತಾನು ಕಳೆದುಕೊಂಡ ಆ ಪಾಠದ ಮನೆಗಾಗಿ ಎಂಬುದು ಗಮನಿಸತಕ್ಕದ್ದು.

ಆತನಿಂದ ಪಾಠ ಹೇಳಿಸಿಕೊಂಡವರಲ್ಲಿ ಥೆಸಲೋನಿಕಾ ಪಟ್ಟಣದ ಕಾನ್‌ಸ್ಟಾಂಟಿನ್ ಎಂಬ ತರುಣನೂ ಒಬ್ಬನೆಂದು ಆ ತರುಣನ ಜೀವನಚರಿತ್ರೆಯು ತಿಳಿಸುತ್ತದೆ. ಸಿರಿಲ್ ಎಂಬ ಹೆಸರಿನಿಂದ ಲೋಕವು ಬಲ್ಲ ಮಹಾಪುರುಷನು ಈತನೇ. ಸ್ಲಾವ್ ಜನರ ಆಡುಮಾತಿಗೆ ಅದುವರೆಗೆ ಲಿಪಿಯಿರಲಿಲ್ಲ. ಸಿರಿಲನು ಅದಕ್ಕೊಂದು ಲಿಪಿಯನ್ನು ರೂಪಿಸಿ, ತನ್ನ ಅಣ್ಣ ಮೆಥೋಡಿಯಸನೊಡನೆ 863ರ ಸುಮಾರಿಗೆ ಮೊರಾವಿಯಾ ನಾಡಿಗೆ ಹೋಗಿ, ಆ ಜನರ ನುಡಿಯಲ್ಲಿಯೇ ಗ್ರಂಥಗಳನ್ನು ಓದಿಸಿದನು. ಹೀಬ್ರೂ, ಗ್ರೀಕ್, ಲ್ಯಾಟಿನ್ ಈ ಮೂರು ಭಾಷೆಗಳ ಹೊರತು ಬೇರೆ ನುಡಿಯು ದೇವರ ಸೇವೆಗೆ ಸಲ್ಲದೆಂದು ವಾದಿಸಿದವರಿಗೆ ಸಿರಿಲನು ವೆನಿಸಿನಲ್ಲಿ ದಿಟ್ಟ ಉತ್ತರವನ್ನಿತ್ತನು. ಈ ಸೋದರರು ಹೊರಟಾಗ ಧರ್ಮಪೀಠದಲ್ಲಿದ್ದವನು ಫೋಟಿಯಸನೇ. ತಾಯ್ನುಡಿಯ ಶಾಲೆಗಾಗಿ ಹೆಣಗುವ ನಮ್ಮಂಥವರಿಗೆ ಇದಕ್ಕಿಂತ ಹತ್ತಿರದ ಸಂಗತಿ ಬೇರೊಂದು ಬೇಕೇ?

ಅಂದಿನ ಕಾಲದಲ್ಲಿ ಪುಸ್ತಕವೆಂದರೇನೆಂಬುದನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. ಅಚ್ಚಿನ ಯಂತ್ರವಿಲ್ಲ, ಕಾಗದದ ಬಳಕೆ ಆ ನಾಡಿಗೆ ಇನ್ನೂ ಬಂದಿರಲಿಲ್ಲ. ಕುರಿ ಮೇಕೆಗಳ ಚರ್ಮವನ್ನು ಹದಗೊಳಿಸಿ, ಹಾಳೆಗಳಾಗಿ ಕೊಯ್ದು, ಒಂದೊಂದಕ್ಷರವನ್ನೂ ಕೈಯಿಂದ ಬರೆಯಬೇಕು. ಮುಂದಿನ ತಲೆಮಾರಿನ ಅರೆಥಾಸ್ ಎಂಬ ವಿದ್ವಾಂಸನು 888ರಲ್ಲಿ ಯೂಕ್ಲಿಡನ ರೇಖಾಗಣಿತದ ಒಂದು ಪ್ರತಿಗೆ ಹದಿನಾಲ್ಕು ಚಿನ್ನದ ನಾಣ್ಯಗಳನ್ನು ತೆತ್ತನು. ಆ ಲೆಕ್ಕವು ಅದೇ ಪ್ರತಿಯಲ್ಲಿದೆ, ಆ ಪ್ರತಿಯು ಇಂದಿಗೂ ಆಕ್ಸ್‌ಫರ್ಡಿನಲ್ಲಿದೆ. ಇಂಥ ಕಾಲದಲ್ಲಿ ನೂರಾರು ಗ್ರಂಥಗಳನ್ನು ಓದುವುದೆಂದರೆ ಹಣವಂತನಿಗೂ ಸುಲಭವಾದ ಕೆಲಸವಲ್ಲ. ಒಮ್ಮೆ ಓದಿದ ಪುಸ್ತಕವು ಮತ್ತೆ ಕೈಗೆ ಬಂದೀತೆಂಬ ಭರವಸೆಯೂ ಇರಲಿಲ್ಲ. ಆದುದರಿಂದ ಓದಿದುದನ್ನು ನೆನಪಿನಲ್ಲಿಡುವುದು, ನೆನಪಿನಲ್ಲಿರುವುದನ್ನು ಬರೆದಿಡುವುದು ವಿದ್ಯಾವಂತನ ಕರ್ತವ್ಯವೇ ಆಗಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ಅರಬ್ಬರ ಖಲೀಫನ ಆಸ್ಥಾನಕ್ಕೆ ರಾಯಭಾರವೊಂದನ್ನು ಕಳುಹಿಸಲು ಚಕ್ರವರ್ತಿಯು ನಿಶ್ಚಯಿಸಿ, ಅದಕ್ಕೆ ಫೋಟಿಯಸನನ್ನೂ ನೇಮಿಸಿದನು. ಹೆಚ್ಚಿನ ವಿದ್ವಾಂಸರು ಇದನ್ನು 858ಕ್ಕೆ ಹಿಂದಿನ ಸಂಗತಿಯೆಂದು ಎಣಿಸುತ್ತಾರೆ. ದಾರಿ ದೂರದ್ದು, ಶತ್ರುಗಳ ನಾಡು, ಹೋದವರೆಲ್ಲ ಮರಳಿ ಬರುವರೆಂಬ ನೆಚ್ಚಿಗೆಯಿಲ್ಲ. ತರಾಸಿಯಸನೆಂಬ ಆತನ ತಮ್ಮನು ಅಗಲಿಕೆಯ ದುಃಖದಲ್ಲಿ ಒಂದು ಬೇಡಿಕೆಯನ್ನು ಮುಂದಿಟ್ಟನು. ಮನೆಯ ಓದಿನ ಕೂಟದಲ್ಲಿ ತಾನಿಲ್ಲದಿದ್ದಾಗ ಓದಿದ ಪುಸ್ತಕಗಳ ಸಾರವನ್ನು ಅಣ್ಣನು ಬರೆದುಕೊಡಬೇಕು. ಅಗಲಿಕೆಗೆ ಅದೊಂದು ಸಮಾಧಾನವಾದೀತು, ತಾನು ತಪ್ಪಿಸಿಕೊಂಡ ವಿದ್ಯೆಯೂ ದೊರೆತೀತು ಎಂದು ಆತನ ಆಸೆ.

ಅಣ್ಣನು ಲಿಪಿಕಾರನೊಬ್ಬನನ್ನು ಕೂರಿಸಿಕೊಂಡು ನೆನಪಿಗೆ ಬಂದ ಕ್ರಮದಲ್ಲಿ ಹೇಳಿ ಬರೆಸಿದನು. ಎಣಿಕೆ 279 ಎಂದು ಪೀಠಿಕೆಯಲ್ಲಿದೆ. ಇಂದಿನ ಮುದ್ರಣಗಳಲ್ಲಿ 280 ಪ್ರಕರಣಗಳಿವೆ. ಪುಸ್ತಕವು ಎದುರಿಗಿರುವಾಗ ಸಾರ ಬರೆಯುವುದು ಸುಲಭ, ಬಹುಕಾಲ ಕಳೆದ ಮೇಲೆ ಇಷ್ಟೊಂದನ್ನು ತಪ್ಪಿಲ್ಲದೆ ನೆನೆಯುವುದು ಸುಲಭವಲ್ಲ, ಎಲ್ಲಾದರೂ ಕೊರತೆ ಕಂಡರೆ ಆಶ್ಚರ್ಯಪಡಬಾರದು ಎಂಬ ವಿನಯದ ಮಾತು ಅಲ್ಲಿಯೇ ಇದೆ. ಕೊನೆಯ ಭಾಗದಲ್ಲಿ ಮೂಲದಿಂದ ಎತ್ತಿದ ಉದ್ದುದ್ದನೆಯ ಭಾಗಗಳಿರುವುದನ್ನು ಕಂಡ ವಿದ್ವಾಂಸರು, ಓದುವಾಗಲೇ ಮಾಡಿಕೊಂಡ ಟಿಪ್ಪಣಿಗಳೂ ಆತನ ಬಳಿಯಿದ್ದಿರಬೇಕೆಂದು ತರ್ಕಿಸುತ್ತಾರೆ. ನೆನಪಿನ ಬೆನ್ನಿಗೆ ಟಿಪ್ಪಣಿಯ ಕಡತವಿದ್ದರೆ ಅದರಲ್ಲಿ ಹೀನವೇನೂ ಇಲ್ಲ. ಅದೇ ಸರಿಯಾದ ಓದುಗನ ಲಕ್ಷಣ.

ಈ ಓದಿನ ಲೆಕ್ಕದ ಬಗೆ ಬಹು ಸರಳ. ಹೆಚ್ಚುಕಡಿಮೆ ಪ್ರತಿಯೊಂದು ಪ್ರಕರಣವೂ ಓದಾಯಿತು ಎಂಬರ್ಥದ ಒಂದೇ ಕ್ರಿಯಾಪದದಿಂದ ತೊಡಗುತ್ತದೆ. ಅನಂತರ ಗ್ರಂಥಕಾರನ ಹೆಸರು, ಗ್ರಂಥದ ಹೆಸರು, ಅದರಲ್ಲಿರುವ ಭಾಗಗಳ ಸಂಖ್ಯೆ, ವಿಷಯದ ಸಾರ, ಕಡೆಗೆ ಶೈಲಿಯ ಕುರಿತು ಒಂದು ತೀರ್ಪು. ಕೆಲವು ಪ್ರಕರಣಗಳು ಎರಡು ಮೂರು ಸಾಲಿನಲ್ಲಿ ಮುಗಿದರೆ ಕೆಲವು ಹತ್ತಾರು ಪುಟಗಳಿಗೆ ಹಬ್ಬುತ್ತವೆ. ಪುಸ್ತಕವು ಪೂರ್ಣವಾಗಿ ದೊರೆಯದಿದ್ದರೆ ಅದನ್ನೂ ಮರೆಮಾಚದೆ ಹೇಳುತ್ತಾನೆ. ಕಪ್ಪು ಸಮುದ್ರದ ತೀರದ ಹೆರಾಕ್ಲಿಯಾ ಪಟ್ಟಣದ ಚರಿತ್ರೆಯನ್ನು ಮೆಮ್ನನ್ ಎಂಬವನು ಬರೆದಿದ್ದನು. ಅದರ 9ರಿಂದ 16ರವರೆಗಿನ ಭಾಗಗಳ ಸಾರವನ್ನು ಕೊಟ್ಟು, ಮೊದಲಿನ ಎಂಟೂ 16ರ ಮುಂದಿನವೂ ತನಗೆ ಸಿಗಲಿಲ್ಲವೆಂದು ಬರೆದಿಟ್ಟಿದ್ದಾನೆ. ಇಂದು ಮೆಮ್ನನನ ಗ್ರಂಥದ ಒಂದು ಹಾಳೆಯೂ ಉಳಿದಿಲ್ಲ. ಆ ಪಟ್ಟಣದ ಇತಿಹಾಸವನ್ನು ಬಯಸುವವರು ಫೋಟಿಯಸನ ಸಾರಕ್ಕೇ ಶರಣಾಗಬೇಕು.

ಆತನು ಓದಿದವುಗಳಲ್ಲಿ ಹೆಚ್ಚಿನವು ಧರ್ಮಗ್ರಂಥಗಳು. ಆದರೂ ಇತಿಹಾಸ, ವೈದ್ಯ, ಭೂಗೋಳ, ಭಾಷಣ, ನಿಘಂಟು, ಕಾದಂಬರಿ ಯಾವುದನ್ನೂ ಕೈಬಿಟ್ಟವನಲ್ಲ. ಬ್ಯಾಬಿಲೋನಿನ ರಾಜನ ಕೈಯಿಂದ ತಪ್ಪಿಸಿಕೊಂಡು ಓಡುವ ದಂಪತಿಗಳ ಕಥೆಯಾದ ಇಯಾಂಬ್ಲಿಕಸನ ಕಾದಂಬರಿಯನ್ನೂ, ಆಂಟೋನಿಯಸ್ ಡಯೋಜಿನಿಸನು ಬಡಗಣ ಕಡಲಿನ ಆಚೆಗಿನ ಅದ್ಭುತಗಳನ್ನು ಕುರಿತು 24 ಭಾಗಗಳಲ್ಲಿ ಹೆಣೆದ ಕಥೆಯನ್ನೂ ಓದಿ ಸಾರ ಬರೆದನು. ಈ ಎರಡೂ ಮೂಲಗಳು ಇಂದು ತುಣುಕುಗಳ ಹೊರತು ಉಳಿದಿಲ್ಲ. ಡಿಯೋಡೋರಸನ ಇತಿಹಾಸದ ನಲವತ್ತು ಭಾಗಗಳನ್ನು ಓದಿದ್ದನು. ನಮ್ಮ ಕಾಲಕ್ಕೆ ಪೂರ್ಣವಾಗಿ ಉಳಿದಿರುವುದು ಹದಿನೈದು. ಈಜಿಪ್ಟಿನ ಚಿನ್ನದ ಗಣಿಗಳಲ್ಲಿ ದುಡಿಯುವ ಗುಲಾಮರ ಸಂಕಟವನ್ನು ಬಣ್ಣಿಸಿದ ಅಗಥಾರ್ಕೈಡಿಸನ ಗ್ರಂಥದಿಂದ ದೀರ್ಘವಾದ ಭಾಗಗಳನ್ನು ಎತ್ತಿಟ್ಟನು. ಮೂಲವು ಅಳಿಯಿತು, ಆ ದೀನರ ನಿಟ್ಟುಸಿರು ಈ ಕಡತದಲ್ಲಿ ಉಳಿಯಿತು.

ನಮ್ಮ ದೇಶವನ್ನು ಕುರಿತ ಗ್ರಂಥವೊಂದು ಈ ಪಟ್ಟಿಯಲ್ಲಿರುವುದು ವಾಚಕರಿಗೆ ವಿಶೇಷ ಸಂತೋಷವನ್ನೀಯುವುದು. ಕ್ರಿ. ಪೂ. 400ರ ಸುಮಾರಿನಲ್ಲಿ ಪಾರಸಿಕ ದೊರೆಯ ಆಸ್ಥಾನದಲ್ಲಿ ವೈದ್ಯನಾಗಿದ್ದ ಕ್ಟೇಸಿಯಸ್ ಎಂಬ ಗ್ರೀಕನು ಭಾರತದ ಮೇಲೆ ಒಂದು ಪುಸ್ತಕವನ್ನು ಬರೆದಿದ್ದನು. ಆತನು ಈ ನಾಡನ್ನು ಕಂಡವನಲ್ಲ. ಕೇಳಿದುದನ್ನೆಲ್ಲ ಸೇರಿಸಿ ಬರೆದನು. ಸಿಂಧೂ ನದಿಯ ವಿಸ್ತಾರ, ಆನೆಗಳ ಬಲ, ಒಂಟಿ ಕೊಂಬಿನ ಕಾಡುಕತ್ತೆ, ನಾಯಿಮೊಗದ ಜನ ಹೀಗೆ ನಿಜವೂ ಕಟ್ಟುಕಥೆಯೂ ಬೆರೆತಿವೆ. ಮನುಷ್ಯರಂತೆ ಭಾರತದ ಮಾತನ್ನಾಡುವ, ಕಲಿಸಿದರೆ ಗ್ರೀಕ್ ನುಡಿಯನ್ನೂ ಆಡಬಲ್ಲ ಪಕ್ಷಿಯೊಂದರ ವಿಷಯವೂ ಇದೆ. ಅದು ನಮ್ಮ ಗಿಳಿಯಲ್ಲದೆ ಮತ್ತೇನೂ ಅಲ್ಲ. ಗ್ರೀಕರು ಭಾರತವನ್ನು ಕುರಿತು ಬರೆದ ಮೊದಮೊದಲ ಗ್ರಂಥಗಳಲ್ಲೊಂದಾದ ಇದರ ಮೂಲವು ನಷ್ಟವಾಗಿದೆ. ಇಂದು ಅದರ ಬಗ್ಗೆ ತಿಳಿದಿರುವುದರಲ್ಲಿ ಬಹುಪಾಲು ಫೋಟಿಯಸನ ಸಾರದಿಂದಲೇ ಬಂದುದು.

ನಮ್ಮ ಕರಾವಳಿಗೆ ಇನ್ನೂ ಹತ್ತಿರದ ಗ್ರಂಥವೊಂದನ್ನು ಆತನು ಓದಿದ್ದನು. ಆರನೆಯ ಶತಮಾನದ ವರ್ತಕನೊಬ್ಬನು ಲೋಕದ ಆಕಾರವನ್ನು ಕುರಿತು ಬರೆದ ಗ್ರಂಥವದು; ಕಾಸ್ಮಾಸ್ ಎಂಬ ಹೆಸರಿನಿಂದ ಅದರ ಕರ್ತೃವು ಪ್ರಸಿದ್ಧನಾಗಿದ್ದಾನೆ. ಮೆಣಸು ಹಡಗೇರುವ ಪಡುವಣ ತೀರದ ಬಂದರುಗಳ ಹೆಸರು ಆ ಗ್ರಂಥದಲ್ಲಿದೆ, ಅವುಗಳಲ್ಲೊಂದು ಮಂಗರೂತ್. ಅದು ಮಂಗಳೂರೇ ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ಆದರೆ ಫೋಟಿಯಸನು ಈ ಪುಸ್ತಕವನ್ನು ಮೆಚ್ಚಲಿಲ್ಲ. ಶೈಲಿ ಕೀಳು, ಹೇಳಿದ್ದು ನಂಬತಕ್ಕದ್ದಲ್ಲ ಎಂದು ನಿಷ್ಠುರವಾಗಿ ಬರೆದನು. ಭೂಮಿಯು ಪೆಟ್ಟಿಗೆಯಾಕಾರದ ಜಗತ್ತಿನ ಚಪ್ಪಟೆಯಾದ ತಳವೆಂದು ವಾದಿಸುವ ಆ ಗ್ರಂಥವನ್ನು ಕಂಡು ವಿದ್ಯಾವಂತನು ಹಾಗೆ ಬರೆದುದರಲ್ಲಿ ತಪ್ಪಿಲ್ಲ. ಒಪ್ಪದ ಪುಸ್ತಕವನ್ನೂ ಓದಿ, ಒಪ್ಪದಿರುವುದಕ್ಕೆ ಕಾರಣವನ್ನು ಬರೆದಿಡುವುದು ಆತನ ರೀತಿ.

ಆತನ ತೀರ್ಪುಗಳಲ್ಲಿ ಹಂಗಿಲ್ಲ, ಹಗೆಯಿಲ್ಲ. ಅನ್ಯಮತದವನ ಗ್ರಂಥವಾದರೂ ಶೈಲಿ ಚೆನ್ನಾಗಿದ್ದರೆ ಹೊಗಳುವನು. ಸ್ವಮತದವನೇ ಆದರೂ ಬರವಣಿಗೆ ಸಡಿಲವಾಗಿದ್ದರೆ ಹೇಳದೆ ಬಿಡನು. ಅಕಿಲಿಸ್ ಟೇಶಿಯಸನ ಕಾದಂಬರಿಯ ಭಾಷೆಯನ್ನು ಮೆಚ್ಚಿ ಅದರ ಅಶ್ಲೀಲತೆಯನ್ನು ಖಂಡಿಸಿದನು. ಇಷ್ಟಾದರೂ ಕೊರತೆಗಳು ಇಲ್ಲವೆಂದಲ್ಲ. ಕಾವ್ಯಕ್ಕೆ ಈ ಲೆಕ್ಕದಲ್ಲಿ ಎಡೆಯಿಲ್ಲವೆಂದೇ ಹೇಳಬಹುದು. ಪ್ಲೇಟೋ, ಅರಿಸ್ಟಾಟಲರ ಗ್ರಂಥಗಳೂ ಇಲ್ಲ. ಎಲ್ಲರೂ ಪಾಠದಲ್ಲಿ ಓದುತ್ತಿದ್ದವುಗಳ ಸಾರವನ್ನು ತಮ್ಮನಿಗೆ ಬರೆದುಕೊಡುವ ಅಗತ್ಯವಿರಲಿಲ್ಲವೆಂದು ಇದಕ್ಕೆ ಸಮಾಧಾನ ಹೇಳುವರು.

858ರಲ್ಲಿ ಆತನ ಬಾಳು ಅನಿರೀಕ್ಷಿತವಾದ ತಿರುವನ್ನು ಪಡೆಯಿತು. ನಗರದ ಧರ್ಮಾಧ್ಯಕ್ಷನಾಗಿದ್ದ ಇಗ್ನೇಷಿಯಸನನ್ನು ಅರಮನೆಯವರು ಪದಚ್ಯುತಗೊಳಿಸಿ ಆ ಪೀಠಕ್ಕೆ ಫೋಟಿಯಸನನ್ನು ಆರಿಸಿದರು. ಆತನು ಗೃಹಸ್ಥ ಅಧಿಕಾರಿ, ಸಂನ್ಯಾಸಿಯಲ್ಲ. ಒಂದು ವಾರದೊಳಗೆ ಎಲ್ಲ ದೀಕ್ಷೆಗಳನ್ನೂ ಮುಗಿಸಿ ಕ್ರಿಸ್ತಜಯಂತಿಯ ದಿನ ಪಟ್ಟಕ್ಕೇರಿಸಿದರು. ಇದರಿಂದ ಹುಟ್ಟಿದ ವಿವಾದವು ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ ಪೀಠಗಳ ನಡುವೆ ದೊಡ್ಡ ಬಿರುಕಾಯಿತು. ರೋಮಿನ ಧರ್ಮಗುರು ಒಂದನೆಯ ನಿಕೋಲಸನು 863ರಲ್ಲಿ ಫೋಟಿಯಸನನ್ನು ಅಮಾನ್ಯಗೊಳಿಸಿದನು. 867ರಲ್ಲಿ ಫೋಟಿಯಸನು ಸಭೆ ಸೇರಿಸಿ ನಿಕೋಲಸನನ್ನೇ ಅಮಾನ್ಯಗೊಳಿಸಿದನು. ಈ ಜಗಳದ ನ್ಯಾಯಾನ್ಯಾಯಗಳನ್ನು ತೂಗುವುದು ನಮ್ಮ ಉದ್ದೇಶವಲ್ಲ. ಪಶ್ಚಿಮದವರು ಬಹುಕಾಲ ಆತನನ್ನು ಒಡಕಿನ ಕರ್ತನೆಂದು ದೂರಿದರು. ಪೂರ್ವದವರು ಪೂಜ್ಯರ ಸಾಲಿಗೆ ಸೇರಿಸಿ ಫೆಬ್ರವರಿ 6ರಂದು ಸ್ಮರಿಸುತ್ತಾರೆ. ಆತನ ಮೇಲಿನ ಅನೇಕ ಆರೋಪಗಳು ನಿಲ್ಲಲಾರವೆಂದು ಫ್ರಾನ್ಸಿಸ್ ದ್ವೋರ್ನಿಕ್ ಎಂಬ ಪಶ್ಚಿಮ ಪೀಠದ ವಿದ್ವಾಂಸರೇ 1948ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು.

ಅದೇ 867ರಲ್ಲಿ ಬೇಸಿಲ್ ಎಂಬವನು ಚಕ್ರವರ್ತಿ ಮೂರನೆಯ ಮೈಕೇಲನನ್ನು ಕೊಲ್ಲಿಸಿ ಸಿಂಹಾಸನವನ್ನೇರಿದನು. ಫೋಟಿಯಸನು ಪೀಠದಿಂದ ತಳ್ಳಲ್ಪಟ್ಟು ಮಠವೊಂದರಲ್ಲಿ ಸೆರೆಯಾದನು. ಆಗ ನಡೆದ ಸಂಗತಿಯನ್ನು ನೆನೆದರೆ ಪುಸ್ತಕಪ್ರಿಯರ ಮನಸ್ಸು ನೋಯದಿರದು. ಅಧಿಕಾರ, ಬಂಧುಗಳು, ಸೇವಕರು ಎಲ್ಲವನ್ನೂ ಕಸಿದುಕೊಂಡುದಲ್ಲದೆ ಆತನ ಪುಸ್ತಕಗಳನ್ನೂ ಕಸಿದುಕೊಂಡರು. ಆತನು ಚಕ್ರವರ್ತಿಗೆ ಪತ್ರ ಬರೆದು, ಇದು ಹಿಂದೆಂದೂ ಯಾರೂ ವಿಧಿಸದ ಹೊಸ ಶಿಕ್ಷೆಯೆಂದು ದೂರಿದನು. ತಾನು ತಪ್ಪಿತಸ್ಥನಾಗಿದ್ದರೆ ಓದಿ ತಿದ್ದಿಕೊಳ್ಳಲು ಇನ್ನಷ್ಟು ಪುಸ್ತಕಗಳನ್ನು ಕೊಡಬೇಕಾಗಿತ್ತು, ತಪ್ಪಿಲ್ಲದಿದ್ದರೆ ಕಸಿಯಲು ಕಾರಣವೇ ಇಲ್ಲ ಎಂಬುದು ಆತನ ವಾದ. ಹಿಂದೆ ತಮ್ಮನಿಗಾಗಿ ನೆನಪಿನ ಬಲದಿಂದ ನೂರಾರು ಗ್ರಂಥಗಳ ಸಾರವನ್ನು ಹೇಳಿದ್ದವನಿಗೆ ಈಗ ಉಳಿದುದು ಆ ನೆನಪೊಂದೇ.

ಕೆಲವು ವರ್ಷಗಳ ಮೇಲೆ ಬೇಸಿಲನ ಮನಸ್ಸು ತಿರುಗಿತು. ಅರಮನೆಗೆ ಕರೆಸಿಕೊಂಡು ತನ್ನ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಒಪ್ಪಿಸಿದನು. ಹೀಗೆ ಪದಚ್ಯುತ ಧರ್ಮಾಧ್ಯಕ್ಷನು ಮತ್ತೆ ಗುರುವಾದನು. 877ರಲ್ಲಿ ಇಗ್ನೇಷಿಯಸನು ತೀರಿಕೊಂಡಾಗ ಪೀಠವೂ ಮರಳಿ ದೊರೆಯಿತು. 879-80ರ ಮಹಾಸಭೆಯು ಅದನ್ನು ಸ್ಥಿರಪಡಿಸಿತು. ಆದರೆ ವಿಧಿಯ ಆಟ ಮುಗಿದಿರಲಿಲ್ಲ. 886ರಲ್ಲಿ ಬೇಸಿಲನು ಮಡಿದು ಆತನ ಮಗ ಲಿಯೋ ಪಟ್ಟಕ್ಕೆ ಬಂದನು. ಈ ಲಿಯೋ ಫೋಟಿಯಸನ ಬಳಿ ಓದಿದ ಶಿಷ್ಯ. ಲೋಕವು ಮುಂದೆ ಜ್ಞಾನಿಯೆಂದು ಕರೆದ ದೊರೆ. ಪಟ್ಟವೇರಿದೊಡನೆ ಆತನು ಮಾಡಿದ ಮೊದಲ ಕೆಲಸಗಳಲ್ಲೊಂದು ಗುರುವನ್ನು ಪೀಠದಿಂದ ಇಳಿಸಿ, ಅಲ್ಲಿ ತನ್ನ ಸೋದರನನ್ನು ಕುಳ್ಳಿರಿಸಿದ್ದು. ಮುಪ್ಪಿನ ಗುರುವು ಮತ್ತೆ ಮಠದ ಏಕಾಂತಕ್ಕೆ ಸಂದು, 893ರ ಸುಮಾರಿಗೆ ಅಲ್ಲಿಯೇ ಕಣ್ಮುಚ್ಚಿದನು.

ಪದವಿ ಹೋಯಿತು, ಪೀಠ ಹೋಯಿತು. ತಮ್ಮನಿಗೆ ಬರೆದುಕೊಟ್ಟ ಕಡತವು ಉಳಿಯಿತು. ಅದಕ್ಕೆ ಗ್ರಂಥಾಲಯವೆಂದೂ ಸಾವಿರಾರು ಪುಸ್ತಕಗಳ ಪುಸ್ತಕವೆಂದೂ ಅರ್ಥ ಬರುವ ಹೆಸರುಗಳನ್ನು ಅನಂತರದವರು ಇಟ್ಟರು. 1204ರಲ್ಲಿ ಪಶ್ಚಿಮದ ಧರ್ಮಯೋಧರು ಕಾನ್‌ಸ್ಟಾಂಟಿನೋಪಲನ್ನು ಸುಲಿದರು. 1453ರಲ್ಲಿ ಅದು ತುರ್ಕರ ವಶವಾಯಿತು. ಬೆಂಕಿ, ಲೂಟಿ, ಅಲಕ್ಷ್ಯಗಳಲ್ಲಿ ಎಷ್ಟೋ ಗ್ರಂಥಗಳು ನಾಶವಾದವು. ಫೋಟಿಯಸನು ಓದಿದ್ದ ಗ್ರಂಥಗಳಲ್ಲಿ ಸುಮಾರು ಅರ್ಧದಷ್ಟು ಇಂದು ಇಲ್ಲ. ಆತನ ಕಡತದ ಎರಡು ಮುಖ್ಯ ಹಸ್ತಪ್ರತಿಗಳು ಮಾತ್ರ ಬೆಸ್ಸಾರಿಯನ್ ಎಂಬ ಗ್ರೀಕ್ ಪಂಡಿತನ ಸಂಗ್ರಹವನ್ನು ಸೇರಿ, 1468ರಲ್ಲಿ ಆತನು ಕೊಟ್ಟ ದಾನದೊಡನೆ ವೆನಿಸಿನ ಪಾಲಿಗೆ ಬಂದು, ಅಲ್ಲಿನ ಗ್ರಂಥಾಲಯದಲ್ಲಿ ಸುರಕ್ಷಿತವಾಗಿವೆ. 1601ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ ಡೇವಿಡ್ ಹೋಷೆಲ್ ಎಂಬ ವಿದ್ವಾಂಸನು ಅದನ್ನು ಮೊದಲ ಬಾರಿಗೆ ಅಚ್ಚು ಹಾಕಿಸಿದನು. ಫೋಟಿಯಸನು ರಚಿಸಿದ ನಿಘಂಟಿನ ಪೂರ್ಣಪ್ರತಿಯು 1959ರಲ್ಲಿ ಗ್ರೀಸಿನ ಜಾವೋರ್ಡಾ ಮಠದಲ್ಲಿ ಪತ್ತೆಯಾಯಿತು. ಸಾವಿರ ವರ್ಷಗಳ ಮೇಲೆಯೂ ಮೂಲೆಯ ಪೆಟ್ಟಿಗೆಯೊಂದು ತೆರೆದರೆ ಏನು ಹೊರಬಂದೀತೆಂಬುದನ್ನು ಬಲ್ಲವರಾರು?

ಇಲ್ಲಿಗೆ ಕಥೆಯು ನಮ್ಮ ಅಂಗಳಕ್ಕೆ ಬಂದಿತು. ಫೋಟಿಯಸನು ಕಾನ್‌ಸ್ಟಾಂಟಿನೋಪಲಿನಲ್ಲಿ ಬಾಳಿದ ಅದೇ ಶತಮಾನದಲ್ಲಿ ನಮ್ಮ ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದನು. ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ತೆಲಂಗಾಣದ ಗಡಿಯು ಅಲ್ಲಿಗೆ ದೂರವಲ್ಲ. ಆತನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ತನಗೆ ಹಿಂದಿನ ಗದ್ಯಕಾರರನ್ನೂ ಕವಿಗಳನ್ನೂ ಹೆಸರಿಸುತ್ತದೆ. ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಎಷ್ಟು ಸಮೃದ್ಧವಾದ ಸಾಲು! ಆದರೆ ಅವರು ಪೂರ್ವದಲ್ಲಿ ಬರೆದ ಆ ಗ್ರಂಥಗಳಲ್ಲಿ ಒಂದೂ ನಮಗೆ ಉಳಿದಿಲ್ಲ. ಅವು ಎಷ್ಟು ಭಾಗಗಳಲ್ಲಿದ್ದವು, ಯಾವ ಕಥೆಯನ್ನು ಹೇಳಿದವು, ಶೈಲಿ ಹೇಗಿತ್ತು ಎಂಬುದನ್ನು ಹೇಳಬಲ್ಲ ಓದಿನ ಕಡತವೂ ಉಳಿದಿಲ್ಲ. ಅಂದಿನ ಕನ್ನಡ ನಾಡಿನ ಒಬ್ಬ ಉಪಾಧ್ಯಾಯನು ತನ್ನ ತಮ್ಮನಿಗಾಗಿ ಒಂದು ಕಟ್ಟು ಓಲೆಯಲ್ಲಿ ಅವುಗಳ ಸಾರವನ್ನು ಕೊರೆದಿಟ್ಟು, ಅದು ಗೆದ್ದಲಿಗೆ ಸಿಗದೆ ಉಳಿದಿದ್ದರೆ, ನಮ್ಮ ಸಾಹಿತ್ಯದ ಬಾಲ್ಯವು ಇಂದು ಇಷ್ಟು ಮಬ್ಬಾಗಿರುತ್ತಿರಲಿಲ್ಲ.

ಅನಂತರದ ಒಂದನೆಯ ಗುಣವರ್ಮನ ಶೂದ್ರಕವೂ ಹರಿವಂಶವೂ ಸಿಕ್ಕಿಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನು ತನ್ನ ಸಂಕಲನದಲ್ಲಿಯೂ ಕೇಶಿರಾಜನು ತನ್ನ ವ್ಯಾಕರಣದಲ್ಲಿಯೂ ಹಳೆಯ ಗ್ರಂಥಗಳಿಂದ ಎತ್ತಿಕೊಂಡ ಕಾರಣ ಕೆಲವು ಪದ್ಯಗಳಾದರೂ ಬದುಕಿದವು. ನಮ್ಮ ಹತ್ತಿರದ ಕಾಲದಲ್ಲಿ ಆರ್. ನರಸಿಂಹಾಚಾರ್ಯರು ಓಲೆಕಟ್ಟುಗಳನ್ನು ಹುಡುಕಿ, ಓದಿ, ಕವಿಗಳ ಕಾಲ ದೇಶ ಗ್ರಂಥಗಳನ್ನು ಒಂದೊಂದಾಗಿ ಬರೆದಿಟ್ಟ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳು 1907, 1919 ಮತ್ತು 1929ರಲ್ಲಿ ಹೊರಬಂದವು. ಫೋಟಿಯಸನ ಕೆಲಸದ ಕನ್ನಡದ ಸೋದರಕೃತಿ ಯಾವುದೆಂದು ಕೇಳಿದರೆ ನಾವು ಅದನ್ನೇ ತೋರಿಸುತ್ತೇವೆ.

ವಾಚಕ ಬಂಧುಗಳೇ, ಗಡಿಯ ಈಚೆ ನೆಲಸಿದ ನಮಗೆ ಈ ಗುರುವಿನ ಬಾಳಿನಿಂದ ಕಲಿಯತಕ್ಕ ಪಾಠವು ಸ್ಪಷ್ಟವಾಗಿದೆ. ರಾಜ್ಯಗಳ ಗೆರೆಗಳು ಬದಲಾದಾಗ ಮನೆಯ ಕಲ್ಲುಕಂಬಗಳು ಇದ್ದಲ್ಲಿಯೇ ಇರುತ್ತವೆ. ಆದರೆ ಅಟ್ಟದ ಮೇಲಿನ ಕನ್ನಡ ಪುಸ್ತಕಗಳು ಮೆಲ್ಲಮೆಲ್ಲನೆ ಕೆಳಗಿಳಿದು ತೂಕದ ಕಾಗದವಾಗಿ ಹೋಗುತ್ತವೆ. ಅಜ್ಜನು ಓದಿದ ಜೈಮಿನಿ ಭಾರತವೂ ಯಕ್ಷಗಾನ ಪ್ರಸಂಗದ ಪ್ರತಿಗಳೂ ಮೊಮ್ಮಗನಿಗೆ ಬರಿಯ ಹಳೆಯ ಹಾಳೆಗಳಾಗಿ ಕಾಣುವ ದಿನ ಬಂದರೆ, ದೋಷವು ಮೊಮ್ಮಗನದಲ್ಲ. ಆ ಪುಸ್ತಕದಲ್ಲಿ ಏನಿದೆ, ಅದನ್ನು ಏಕೆ ಓದಿದೆವು ಎಂದು ಬರೆದಿಡದೆ ಹೋದ ನಮ್ಮದು.

ಫೋಟಿಯಸನು ಲೋಕದ ಎಲ್ಲ ವಿದ್ಯೆಯನ್ನೂ ಕಾಪಾಡಲು ಹೊರಟವನಲ್ಲ. ದೂರಕ್ಕೆ ಹೊರಟ ಅಣ್ಣನು ಮನೆಯಲ್ಲುಳಿದ ತಮ್ಮನಿಗೆ ಬರೆದುಕೊಟ್ಟನು, ಅಷ್ಟೇ. ಅಂಥದೊಂದು ಕೆಲಸವನ್ನು ನಮ್ಮ ಕನ್ನಡ ಶಾಲೆಗಳ ಉಪಾಧ್ಯಾಯರೂ ಮನೆಮನೆಯ ಹಿರಿಯರೂ ಮಾಡಲಾರರೇ? ನೂರು ಪುಟದ ಒಂದು ನೋಟುಪುಸ್ತಕ ಸಾಕು. ಪುಸ್ತಕದ ಹೆಸರು, ಬರೆದವರು, ಓದಿ ಮುಗಿಸಿದ ದಿನ, ಅದರಲ್ಲಿರುವ ವಿಷಯ, ಮೆಚ್ಚಿದುದು, ಮೆಚ್ಚದುದು, ಪ್ರತಿಯು ಯಾರ ಮನೆಯಲ್ಲಿದೆ ಎಂಬ ವಿವರ ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯುವುದು ಯಾರಿಗೂ ಹೊರೆಯಾಗದು. ಹೊರನಾಡಿಗೆ ಹೋದ ಮಕ್ಕಳಿಗೆ ಉಪ್ಪಿನಕಾಯಿ, ಹಪ್ಪಳಗಳೊಡನೆ ಆ ಪುಸ್ತಕದ ಒಂದು ಪ್ರತಿಯನ್ನೂ ಕಟ್ಟಿಕೊಡಬಹುದು.

ಸಂಘದ ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಅಂಥ ಹತ್ತು ನೋಟುಪುಸ್ತಕಗಳು ನಮ್ಮ ನಡುವೆ ಸಿದ್ಧವಾಗಿದ್ದರೆ ಈ ಬರಹವು ಸಾರ್ಥಕವಾಯಿತೆಂದು ಭಾವಿಸುತ್ತೇವೆ.